ಎಪ್ಪತ್ತು ಹಾವುಗಳಿಗೆ ಒಂದು ರೆಕಾರ್ಡು

ಗೆಳೆಯರೊಬ್ಬರ ಮನೆಯ ಮಹಡಿಯಲ್ಲಿ ತಿಂಗಳಿಗೊಮ್ಮೆ ಹದಿನೈದಿಪ್ಪತ್ತು ಜನ ಸೇರಿ ಸಂಗೀತ ಕೇಳುತ್ತೇವೆ. ಒಬ್ಬರು ಒಂದು ರೆಕಾರ್ಡು ತರಬೇಕು, ಅದರ ಬಗ್ಗೆ ಮಾತಾಡಬೇಕು. ಕಳೆದ ತಿಂಗಳು ಸರದಿ ನನ್ನದಾಗಿತ್ತು. ಅಂದು ಆಡಿದ್ದನ್ನು ಇಲ್ಲಿ ಬರೆದಿದ್ದೇನೆ. ತೊದಲಿದ್ದನ್ನು ಸರಿ ಮಾಡಿಕೊಂಡಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಏನೂ ಹೇಳದೆ ಮೂರು ನಿಮಿಷ ರೆಕಾರ್ಡು ಹಾಕಿದ್ದು ಬೇಕಂತಲೇ. ಮೊದಲ ನಿಮಿಷ ಮುಗಿಯುವ ಮೊದಲೇ ಹಿಂದಿನಿಂದ ಒಬ್ಬರು ಎದ್ದು ಬಂದು ಸ್ಪೀಕರಿನ ವಯರು ಅಲುಗಾಡಿಸಿ ನೋಡಿದರು. ಸಂಕೋಚ ಪಡಬೇಡಿ ಸಾರ್, ಮೊದಲ ಸಲ ಕೇಳಿದಾಗ ನಾನೂ ಅದನ್ನೇ ಮಾಡಿದ್ದೆ. ಅದೂ ನಾನು ಸೌಂಡ್ ಎಡಿಟಿಂಗ್ ಕೆಲಸದಲ್ಲಿ ಹೊಟ್ಟೆ ಹೊರೆಯುವವನು! ಜಾಹೀರಾತು, ಧಾರಾವಾಹಿಗಳ ದನಿಯಿಂದ ಕಸ ತೆಗೆಯುವುದೇ ನನ್ನ ಕಸುಬು. ಫ್ಯಾನಿನ ಗುಂಯ್, ಮೈಕಿನ ಚಿಟಪಟ, ಕಲಾವಿದರ ಉಸಿರು, ಬಾಯಿ ತೆರೆದಾಗ ಬರುವ ಪುಚುಕ್. ಹದಿನೈದು ವರ್ಷದಿಂದ ಇದನ್ನೆಲ್ಲ ಕತ್ತರಿಸಿ ಬಿಸಾಡುತ್ತಿದ್ದೇನೆ. ಹೀಗಿರುವಾಗ ಸಹೋದ್ಯೋಗಿಯೊಬ್ಬ ಪೆನ್ ಡ್ರೈವಿನಲ್ಲಿ ಒಂದು ಆಲ್ಬಮ್ ಕೊಟ್ಟ. ಮನೆಗೆ ಬಂದು ಹಾಕಿದರೆ, ನಾನು ದಿನವಿಡೀ ಬಿಸಾಡಿದ್ದನ್ನೆಲ್ಲ ಯಾರೋ ಆರಿಸಿಕೊಂಡು ಹೋಗಿ ಪೋಣಿಸಿದ ಹಾಗಿತ್ತು.

ಆ ಆಲ್ಬಮ್ ಹೆಸರು 'ಪ್ಲುಕ್ಸ್ ಕುಬಾ'. 1988ರಲ್ಲಿ ಪೋರ್ಚುಗಲ್ಲಿನಲ್ಲಿ ಎಲ್‌ಪಿ ರೂಪದಲ್ಲಿ ಬಂತು. ಮಾಡಿದವರು ನೂನೊ ಕನವಾರೊ. ಅವರ ಊರಿನವರು ಕೊನೆಯ ರಕಾರವನ್ನು ಗಂಟಲಿನಿಂದ, ಹೆಚ್ಚು ಕಡಿಮೆ ಹಕಾರದ ಹಾಗೆ ಉಚ್ಚರಿಸುತ್ತಾರೆ. ನನ್ನ ಗಂಟಲಿಗೆ ಅದು ಒಗ್ಗುವುದಿಲ್ಲ, ನಾನು ಕನವಾರೊ ಅಂತಲೇ ಅನ್ನುತ್ತೇನೆ.

ಹೆಸರಿನ ಅರ್ಥ ಏನು ಅಂತ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಪೋರ್ಚುಗೀಸ್ ಭಾಷೆ ನಮಗೆ ತೀರಾ ಹೊರಗಿನದೇನಲ್ಲ. ಚಾವಿ, ಪಾದ್ರಿ, ಅನಾನಸು, ಉತ್ತರ ಕರ್ನಾಟಕದವರ ಬಟಾಟೆ, ಎಲ್ಲ ಆ ಕಡೆಯಿಂದ ಹಡಗು ಹತ್ತಿ ಬಂದ ಮಾತುಗಳೇ. ಆದರೆ ಪ್ಲುಕ್ಸ್ ಕುಬಾ ಪೋರ್ಚುಗೀಸ್ ಅಲ್ಲ, ಬೇರೆ ಯಾವ ಭಾಷೆಯೂ ಅಲ್ಲ. ನಾವು ಚಿಕ್ಕವರಿದ್ದಾಗ ಅಂಗೈ ಊರಿ ಆಡುವಾಗ ಅವಲಕ್ಕಿ ಜೊತೆ ಒಂದು ಪವಲಕ್ಕಿ ಸೇರಿಸುತ್ತಿದ್ದೆವಲ್ಲ, ಆ ಜಾತಿಗೆ ಸೇರಿದ್ದು. ಅವಲಕ್ಕಿ ತಿನ್ನಬಹುದು. ಪವಲಕ್ಕಿ ಬಾಯಿಗೆ ಮಾತ್ರ ರುಚಿ. ಆಲ್ಬಮ್ಮಿಗೆ ಒಂದು ಉಪಶೀರ್ಷಿಕೆಯೂ ಇದೆ, ಅದು ಮಾತ್ರ ಅಚ್ಚ ಪೋರ್ಚುಗೀಸ್: 'ಮೂಸಿಕಾ ಪಾರಾ 70 ಸೆರ್ಪೆಂತೆಸ್', ಅಂದರೆ 70 ಹಾವುಗಳಿಗಾಗಿ ಸಂಗೀತ.

ಒಳಗಿನ ತುಣುಕುಗಳ ಹೆಸರುಗಳೂ ಹೀಗೇ. ಅಲ್ಸೀ, ವಾಸ್ಕ್, ವೂಲ್ಫಿ. ನಡುವೆ ಒಂದೊಂದು ಅರ್ಥವಾಗುವ ಮಾತು ಇಣುಕುತ್ತದೆ. 'ಬ್ರೂಮಾ' ಅಂದರೆ ಮಂಜು. 'ಕಾವ್' ಅಂದರೆ ನೆಲಮಾಳಿಗೆ. 'ಅಲ್ಸೀಯ ಕತ್ತಲ ತಳ' ಅನ್ನುವ ಅರ್ಥದ್ದೂ ಒಂದಿದೆ. ಅಲ್ಸೀ ಊರೋ ಕೆರೆಯೋ ಹೆಣ್ಣೋ ಅಂತ ತಿಳಿಯುವ ಮೊದಲೇ ಅದರ ತಳಕ್ಕೆ ಇಳಿಸುತ್ತಾರೆ. ಬಹಳಷ್ಟು ತುಣುಕುಗಳಿಗೆ ಹೆಸರೇ ಇಲ್ಲ. ಪೆನ್ ಡ್ರೈವಿನಲ್ಲಿ 'ಟ್ರ್ಯಾಕ್ ಮೂರು, ಟ್ರ್ಯಾಕ್ ನಾಲ್ಕು' ಅಂತಿದ್ದದ್ದು ನನ್ನ ಗೆಳೆಯನ ಸೋಮಾರಿತನ ಅಂದುಕೊಂಡಿದ್ದೆ. ಆಮೇಲೆ ಸಿಡಿ ತರಿಸಿ ನೋಡಿದರೆ ಅಸಲಿನಲ್ಲೇ ಹೆಸರಿಲ್ಲ. ಅವನ ಹತ್ತಿರ ಕ್ಷಮೆ ಕೇಳಿದೆ.

ಈಗ ಸ್ವಲ್ಪ ಊರಿನ ಕತೆ. ಬೇಗ ಹೇಳಿ ಮುಗಿಸುತ್ತೇನೆ.

ಪೋರ್ಚುಗಲ್ 1926ರಿಂದ 1974ರವರೆಗೆ ಸರ್ವಾಧಿಕಾರದ ಕೆಳಗಿತ್ತು. ಅದು ಮುಗಿದದ್ದು 1974ರ ಏಪ್ರಿಲ್ 25ರಂದು, ಸೈನ್ಯದ ಕಿರಿಯ ಅಧಿಕಾರಿಗಳು ಎದ್ದಾಗ. ಸಂಗೀತ ಕೇಳುವ ನಮ್ಮಂಥವರಿಗೆ ಇದರಲ್ಲಿ ಒಂದು ಸ್ವಾರಸ್ಯ ಇದೆ. ದಂಗೆಗೆ ಹೊರಡಿ ಅನ್ನುವ ಸಂಕೇತ ಹೋದದ್ದು ರೇಡಿಯೋ ಹಾಡಿನಲ್ಲಿ. ರಾತ್ರಿ 12 ಗಂಟೆ 20 ನಿಮಿಷಕ್ಕೆ ಒಂದು ಕೇಂದ್ರ ಜೋಸೆ ಅಫೊನ್ಸೊ ಅವರ ಹಾಡು ಹಾಕಿತು, ಟ್ರಕ್ಕುಗಳು ಹೊರಟವು. ಹಾಡಿಗೆ ಅಷ್ಟು ತೂಕ ಇದ್ದ ದೇಶ ಅದು. ಹಾಗಾಗಿ ಅಲ್ಲಿ ಎಪ್ಪತ್ತರ ದಶಕದಲ್ಲಿ ಹಾಡು ಅಂದರೆ ಮಾತು, ಮಾತು ಅಂದರೆ ರಾಜಕೀಯ. ಇನ್ನೊಂದು ಕಡೆ ಫಾದೊ ಇತ್ತು, ಅಮಾಲಿಯಾ ರೊದ್ರಿಗೆಸ್ ಹಾಡಿದ ಆ ವಿರಹದ ಹಾಡುಗಳು. ಅಲ್ಲೂ ಮಾತೇ ಮುಖ್ಯ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಪ್ಲುಕ್ಸ್ ಕುಬಾದಲ್ಲಿ ದನಿಗಳು ಇವೆ, ಮಾತು ಒಂದೂ ಇಲ್ಲ.

ಎಂಬತ್ತರ ದಶಕ ಬರುವಷ್ಟರಲ್ಲಿ ಹೊಸ ಹುಡುಗರು ಬಂದಿದ್ದರು. ಅವರಿಗೆ ರಾಕ್ ಬೇಕಿತ್ತು, ಸಿಂಥಸೈಸರ್ ಬೇಕಿತ್ತು. 1980ರ ಕೊನೆಗೆ ಲಿಸ್ಬನ್ನಿನಲ್ಲಿ ಹಳೆಯ ಸಿನಿಮಾ ಟಾಕೀಸೊಂದರಲ್ಲಿ 'ರಾಕ್ ರಾಂದೆವು' ಅನ್ನುವ ಸಂಗೀತದ ಅಡ್ಡೆ ಶುರುವಾಯಿತು. ಹತ್ತು ವರ್ಷ ನಡೆಯಿತು. 1984ರಿಂದ ಅಲ್ಲಿ ಹೊಸ ಬ್ಯಾಂಡುಗಳಿಗೆ ಸ್ಪರ್ಧೆ ಇಡುತ್ತಿದ್ದರು, ನಮ್ಮ ಕಡೆ ನಾಟಕ ಸ್ಪರ್ಧೆ ನಡೆಯುವ ಹಾಗೆ. ಮೊದಲ ವರ್ಷ ಗೆದ್ದದ್ದು 'ಮ್ಲೆರ್ ಇಫೆ ದಾದಾ'. ಇವರದ್ದೂ ಪವಲಕ್ಕಿ ಹೆಸರೇ! ಅದನ್ನು ಕಟ್ಟಿದ ನೂನೊ ರೆಬೆಲೊ ಅದಕ್ಕೂ ಮೊದಲು 'ಸ್ಟ್ರೀಟ್ ಕಿಡ್ಸ್' ಅನ್ನುವ ಬ್ಯಾಂಡಿನಲ್ಲಿದ್ದರು. ಅದೇ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು ನಮ್ಮ ಕನವಾರೊ. ಅಂದರೆ ಈ ಮನುಷ್ಯ ಎಲ್ಲೋ ಗುಹೆಯಲ್ಲಿ ಕೂತು ತಪಸ್ಸು ಮಾಡಿ ಹೊರಬಂದವರಲ್ಲ. ಪಾಪ್ ಹಾಡಿಗೆ ಕೀಬೋರ್ಡ್ ಬಾರಿಸಿದವರು, ವೇದಿಕೆ ಹತ್ತಿದವರು.

ರೆಕಾರ್ಡು ತಂದ ಕಂಪನಿಯ ಹೆಸರು 'ಅಮಾ ರೊಮಾಂತಾ'. 1986ರಲ್ಲಿ ಇದನ್ನು ಶುರು ಮಾಡಿದವರು ಜುವಾಂವ್ ಪೆಶ್ಟ್. ಜುವಾಂವ್ ಅಂದ ಕೂಡಲೇ ಮಂಗಳೂರಿನ ಕಡೆಯವರು ನಗುತ್ತಿದ್ದೀರಿ, ಹೌದು, ನಿಮ್ಮ ಓಣಿಯ ಜುವಾಂವನ ಹೆಸರೇ. ಪೆಶ್ಟ್ ಅಂದರೆ ಪ್ಲೇಗು. ಪ್ಲೇಗು ಜುವಾಂವ್ 'ಪಾಪ್ ದೆಲ್ಲಾರ್ತೆ' ಅನ್ನುವ ತಲೆಹರಟೆ ಬ್ಯಾಂಡಿನ ಹಾಡುಗಾರ. ದೊಡ್ಡ ಕಂಪನಿಗಳು ಮುಟ್ಟದ್ದನ್ನು ತಾವೇ ಹೊರತರೋಣ ಅಂತ ಹೊರಟ. 1986ರಲ್ಲಿ 'ದಿವೆರ್ಜೆನ್ಸಿಯಾಸ್' ಅಂತ ಎರಡು ಎಲ್‌ಪಿಗಳ ಸಂಕಲನ ತಂದ. ಹೆಸರಿನ ಅರ್ಥವೇ 'ಬೇರೆಬೇರೆ ದಾರಿಗಳು' ಅಂದ ಹಾಗೆ. ಆ ಕಂಪನಿ ಬಹಳ ವರ್ಷ ಉಳಿಯಲಿಲ್ಲ, ಅಂಥವು ಎಲ್ಲಿಯೂ ಉಳಿಯುವುದಿಲ್ಲ. 1988ರಲ್ಲಿ ಅದೇ ಕಂಪನಿಯಿಂದ ತೊಝೆ ಫೆರೇರಾ ಅವರ ಎಲೆಕ್ಟ್ರಾನಿಕ್ ರೆಕಾರ್ಡೂ ಬಂತು. ಅದರ ಹೆಸರಿನ ಅರ್ಥ 'ಲೋ-ಫೈ ಸಂಗೀತ', ಅಂದರೆ ದನಿ ಅಷ್ಟು ಚೊಕ್ಕವಾಗಿ ಅಚ್ಚಾಗದ ಸಂಗೀತ. ತಮಾಷೆ ನೋಡಿ, ಅದೇ ಕಾಲಕ್ಕೆ ಇಡೀ ಜಗತ್ತು ಸಿಡಿ ಬಂತು, ಇನ್ನು ಸದ್ದಿಲ್ಲದ ಸದ್ದು ಅಂತ ಕುಣಿಯುತ್ತಿತ್ತು.

ಇನ್ನೂ ಒಂದು ಹೆಸರು ಹೇಳದೆ ಮುಂದೆ ಹೋದರೆ ಅನ್ಯಾಯ. ಪೋರ್ತು ನಗರದ ವಿತೋರ್ ರೂವಾ ಗೆಳೆಯರ ಜೊತೆ ಒಂದು ರಾಕ್ ಬ್ಯಾಂಡ್ ಕಟ್ಟಿ ಅದಕ್ಕೆ 'ಜಿಎನ್‌ಆರ್' ಅಂತ ಹೆಸರಿಟ್ಟರು. ಅದು ಅಲ್ಲಿನ ಪೊಲೀಸ್ ಪಡೆಯ ಸಂಕ್ಷಿಪ್ತ ಹೆಸರು! ಆ ಬ್ಯಾಂಡಿನ ಮೊದಲ ಎಲ್‌ಪಿಯಲ್ಲಿ ಒಂದು ಬದಿ ಪೂರ್ತಿ ಒಂದೇ ಹಾಡು, 27 ನಿಮಿಷ. ರೂವಾ ಆಮೇಲೆ ಅಲ್ಲಿಂದ ಹೊರಬಂದು ಜೋರ್ಜ್ ಲಿಮಾ ಬರೆಟೊ ಜೊತೆ 'ತೆಲೆಕ್ತು' ಅಂತ ಜೋಡಿ ಮಾಡಿಕೊಂಡು 1982ರಿಂದ ಪ್ರಯೋಗದ ರೆಕಾರ್ಡುಗಳನ್ನು ಒಂದರ ಮೇಲೊಂದು ತಂದರು. ಅವುಗಳಿಗೇ ಒಂದು ಸಂಜೆ ಬೇಕು. ಕನವಾರೊ ಒಂಟಿ ಮರ ಅಲ್ಲ, ಸಣ್ಣದೊಂದು ತೋಪಿತ್ತು ಅಂತ ಹೇಳುವುದಕ್ಕಷ್ಟೇ ಇದನ್ನು ತಂದೆ.

ಈಗ ರೆಕಾರ್ಡಿಗೆ ಬರೋಣ. ಈ ಎರಡು ನಿಮಿಷದ್ದನ್ನು ಮೊದಲು ಕೇಳಿ.

(ಇಲ್ಲಿ ಹೆಸರಿಲ್ಲದ ಒಂದು ತುಣುಕು ಹಾಕಿದೆ.)

ಏನು ಕೇಳಿಸಿತು? "ಗಂಟೆ" ಅಂತ ಒಬ್ಬರು ಅಂದಿರಿ. "ಮಗು" ಅಂದಿರಿ. "ಫ್ರಿಜ್ಜು" ಅಂದಿರಿ, ಅದನ್ನೂ ಒಪ್ಪುತ್ತೇನೆ. ಮೂರೂ ಸರಿ, ಮೂರೂ ಪೂರ್ತಿ ಸರಿಯಲ್ಲ. ಗಂಟೆ ಅಂದುಕೊಳ್ಳುವಷ್ಟರಲ್ಲಿ ಅದು ಉಸಿರಾಗುತ್ತದೆ. ಯಾರೋ ಮಾತಾಡಲು ಬಾಯಿ ತೆರೆದರು ಅಂದುಕೊಂಡರೆ ಮೊದಲ ಅಕ್ಷರದಲ್ಲೇ ಕತ್ತರಿ ಬೀಳುತ್ತದೆ. ರಾಗವೊಂದು ಎದ್ದು ನಿಲ್ಲುತ್ತಿದೆ ಅನ್ನುವಾಗ ನಾಚಿಕೊಂಡು ಒಳಗೆ ಹೋಗಿಬಿಡುತ್ತದೆ. ಇಡೀ ರೆಕಾರ್ಡು ಹೀಗೆ ಹೊಸ್ತಿಲ ಮೇಲೇ ನಿಂತಿರುತ್ತದೆ. ಪ್ರಯೋಗದ ಸಂಗೀತ ಅಂದರೆ ಕಿವಿಗೆ ಬರೆ ಹಾಕುವುದು ಅನ್ನುವ ಭಯ ಕೆಲವರಿಗಿದೆ, ಆ ಭಯಕ್ಕೆ ಕಾರಣವೂ ಇದೆ. ಇಲ್ಲಿ ಅದಲ್ಲ. ಇದು ಮೆಲ್ಲಗಿನ ಸಂಗೀತ. ಪಕ್ಕದ ಕೋಣೆಯಲ್ಲಿ ಯಾರೋ ತಮ್ಮಷ್ಟಕ್ಕೆ ತಾವು ಆಟ ಆಡಿಕೊಳ್ಳುತ್ತಿದ್ದಾರೆ, ನಾವು ಬಾಗಿಲಿಗೆ ಕಿವಿ ಕೊಟ್ಟಿದ್ದೇವೆ.

ಇದು ಹೇಗೆ ಆಗುತ್ತದೆ ಅಂತ ನನ್ನ ಕಸುಬಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಲೆಕ್ಕ ಇದೆ, ಗಾಬರಿಯಾಗಬೇಡಿ.

ಸ್ಯಾಂಪ್ಲರ್ ಅನ್ನುವ ಯಂತ್ರ ಇದೆ. ಟೇಪ್ ರೆಕಾರ್ಡರಿನಂತೆ ದನಿ ಹಿಡಿಯುತ್ತದೆ, ಆದರೆ ಟೇಪಿನ ಮೇಲಲ್ಲ, ಮೆಮೊರಿ ಚಿಪ್ಪಿನಲ್ಲಿ. ಹಿಡಿದ ದನಿಯನ್ನು ಕೀಬೋರ್ಡಿನ ಮನೆಗಳ ಮೇಲೆ ಹರಡುತ್ತದೆ. ನಾಯಿ ಬೊಗಳಿದ್ದನ್ನು ಹಿಡಿದುಕೊಂಡರೆ ಸರಿಗಮದಲ್ಲಿ ಬೊಗಳಿಸಬಹುದು. ಎಂಬತ್ತರ ದಶಕದಲ್ಲಿ ಎಷ್ಟೋ ಜನ ಅದನ್ನೇ ಮಾಡಿದರು ಬಿಡಿ. 1979ರಲ್ಲಿ ಆಸ್ಟ್ರೇಲಿಯಾದ 'ಫೇರ್‌ಲೈಟ್' ಬಂದಾಗ ಅದರ ಬೆಲೆಯಲ್ಲಿ ಮನೆ ಕೊಳ್ಳಬಹುದಿತ್ತು. ಎಂಬತ್ತರ ದಶಕದ ಮಧ್ಯಕ್ಕೆ ಅಗ್ಗದವು ಬಂದವು. ಅಗ್ಗ ಅಂದರೆ ಮೆಮೊರಿ ಕಡಿಮೆ.

ಎಷ್ಟು ಕಡಿಮೆ? 128 ಕಿಲೋಬೈಟ್ ಇದ್ದರೆ ಹೆಚ್ಚು. ಇವತ್ತು ನಿಮ್ಮ ಮೊಬೈಲಿನ ಒಂದು ಫೋಟೋ ಮೂರು ಎಂಬಿ ಇದೆ ಅಂತಿಟ್ಟುಕೊಳ್ಳಿ, ಅದರೊಳಗೆ ಆ ಇಡೀ ಯಂತ್ರದ ನೆನಪು 24 ಸಲ ಹಿಡಿಸುತ್ತದೆ. ಸೆಕೆಂಡಿಗೆ 30,000 ಸಲ ದನಿಯನ್ನು ಅಳೆದು ಬರೆದಿಟ್ಟರೆ ಆ ಜಾಗ ನಾಲ್ಕು ಸೆಕೆಂಡಿಗೇ ತುಂಬಿಹೋಗುತ್ತದೆ. ಜಾಸ್ತಿ ಹೊತ್ತು ಬೇಕಾ? ಹಾಗಾದರೆ ಕಡಿಮೆ ಸಲ ಅಳೆಯಬೇಕು. ಆಗ ದನಿ ಮಂಕಾಗುತ್ತದೆ, ಬಾಯಿಗೆ ಕಂಬಳಿ ಮುಚ್ಚಿಕೊಂಡು ಮಾತಾಡಿದ ಹಾಗೆ. ಇನ್ನು ಅಳತೆಯ ಪಟ್ಟಿ. ಸಿಡಿಯಲ್ಲಿ ದನಿಯ ಏರಿಳಿತಕ್ಕೆ 65,536 ಮೆಟ್ಟಿಲುಗಳಿವೆ. 8 ಬಿಟ್ಟಿನದು ಅನ್ನುವ ಆ ಅಗ್ಗದ ಸ್ಯಾಂಪ್ಲರಿನಲ್ಲಿ 256. ಅಷ್ಟೇ. ದನಿ ಜೋರಾಗಿದ್ದಾಗ ಇದು ಗೊತ್ತಾಗುವುದಿಲ್ಲ. ಗಂಟೆ ಬಾರಿಸಿ ಅದರ ನಾದ ಕರಗುತ್ತಾ ಬರುತ್ತದಲ್ಲ, ಕೊನೆಗೆ ಎರಡು ಮೂರು ಮೆಟ್ಟಿಲು ಉಳಿದಾಗ ನೋಡಿ, ನುಣುಪಾಗಿ ಇಳಿಯಲಾರದೆ ಕೊರಕೊರ ಅನ್ನುತ್ತಾ ಇಳಿಯುತ್ತದೆ. ಒಣ ರೊಟ್ಟಿ ಮುರಿದ ಸದ್ದು.

ಇನ್ನೊಂದು ಮಜಾ. ಹಿಡಿದ ದನಿಯನ್ನು ಒಂದು ಸ್ಥಾಯಿ ಮೇಲೆ ನುಡಿಸಿದರೆ ಅದು ಎರಡರಷ್ಟು ವೇಗವಾಗಿ ಓಡುತ್ತದೆ, ನಾಲ್ಕು ಸೆಕೆಂಡಿನದು ಎರಡಕ್ಕೇ ಮುಗಿಯುತ್ತದೆ. ದೊಡ್ಡವರ ಕಂಠ ಗುಬ್ಬಚ್ಚಿಯ ಕಂಠವಾಗುತ್ತದೆ. ಒಂದು ಸ್ಥಾಯಿ ಕೆಳಗೆ ನುಡಿಸಿದರೆ ಎಂಟು ಸೆಕೆಂಡು ಎಳೆಯುತ್ತದೆ, ಒಳಗಿನ ಕಾಳುಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಇನ್ನೂ ಹೊತ್ತು ಬೇಕೆಂದರೆ ಬಾಲಕ್ಕೆ ತಲೆ ಗಂಟು ಹಾಕಿ ಸುತ್ತಿಸಬೇಕು. ಇದನ್ನೇ ನಾವು ಲೂಪ್ ಅನ್ನುತ್ತೇವೆ. ಗಂಟು ಸರಿಯಾಗಿ ಕೂರದಿದ್ದರೆ ಪ್ರತಿ ಸುತ್ತಿಗೂ ಟಿಕ್ ಅನ್ನುತ್ತದೆ.

ನನ್ನ ಕೆಲಸದಲ್ಲಿ ಆ ಟಿಕ್ ಬಂದರೆ ಬೈಗುಳ ಖಚಿತ. ಹಿಂದೆ ಒಂದು ಸ್ಟುಡಿಯೋದಲ್ಲಿ ಒಂದೇ ಒಂದು ಟಿಕ್ ಉಳಿದದ್ದಕ್ಕೆ ರಾತ್ರಿ ಹನ್ನೊಂದಕ್ಕೆ ವಾಪಸ್ ಕರೆಸಿದ್ದರು. ಆಮೇಲೆ ನೋಡಿದರೆ ಅದು ನಟಿಯ ಬಳೆ. ಕನವಾರೊ ಆ ಟಿಕ್ಕನ್ನು ಇಟ್ಟುಕೊಂಡರು. ನನ್ನ ಕಿವಿಗೆ ಈ ರೆಕಾರ್ಡಿನ ತಾಳ ಅದೇ. ಇಲ್ಲಿ ಡ್ರಮ್ಮು ಹಿಡಿದು ನಡೆಸುವವರಿಲ್ಲ. ಗಂಟುಗಳೇ ತಾಳ ಹಾಕುತ್ತವೆ, ಅದೂ ಒಂದೊಂದು ಒಂದೊಂದು ಅಳತೆಯಲ್ಲಿ. ಮಂಕು, ಕೊರಕೊರ, ಟಿಕ್. ಯಂತ್ರದ ಬಡತನ ಅಂತ ಬೇರೆಯವರು ಮುಚ್ಚಿಡುತ್ತಿದ್ದದ್ದನ್ನೆಲ್ಲ ಮುಂದಕ್ಕೆ ಕರೆದು ಕೂರಿಸಿದ್ದಾರೆ.

ಇಷ್ಟೇ ಆಗಿದ್ದರೆ ಇದೊಂದು ಜಾಣತನದ ರೆಕಾರ್ಡು ಆಗುತ್ತಿತ್ತು, ನಾನು ಇಷ್ಟು ಸಲ ಕೇಳುತ್ತಿರಲಿಲ್ಲ. ನನ್ನನ್ನು ಹಿಡಿದದ್ದು ಅದರ ಮೃದುತನ. 'ವೂಲ್ಫಿ' ಕೇಳಿ. ಪುಟ್ಟ ರಾಗ, ಸುತ್ತಿ ಸುತ್ತಿ ಬರುತ್ತದೆ. ಕೀ ಕೊಟ್ಟ ಆಟಿಕೆ ಗಂಟೆಪೆಟ್ಟಿಗೆ ಓಡಿ ಓಡಿ ನಿಧಾನವಾಗುವ ಹಾಗೆ. ಪಾಪ್ ಬ್ಯಾಂಡಿನಲ್ಲಿ ಪಳಗಿದ ಕೈ ಅಲ್ಲಿ ಗೊತ್ತಾಗುತ್ತದೆ. ರಾಗ ಕಟ್ಟಲು ಬರದವರು ರಾಗ ಒಡೆಯುವುದು ಬೇರೆ, ಬರುವವರು ಒಡೆಯುವುದು ಬೇರೆ.

(ಇಲ್ಲಿ 'ವೂಲ್ಫಿ' ಹಾಕಿದೆ. ಅಡುಗೆಮನೆಯಿಂದ ಕಾಫಿ ಲೋಟಗಳ ಸದ್ದು ಬಂತು. ರೆಕಾರ್ಡಿನದೋ ಮನೆಯದೋ ಅಂತ ಎಲ್ಲರೂ ಒಮ್ಮೆ ಆ ಕಡೆ ತಿರುಗಿದರು.)

ಹಾಗಾದರೆ ಇದು ಯಾಕೆ ಮೂಲೆಗೆ ಬಿತ್ತು? ದೊಡ್ಡ ಸಂಚೇನೂ ಇಲ್ಲ. ಸಣ್ಣ ಕಂಪನಿ, ಸಣ್ಣ ದೇಶ. ಪೋರ್ಚುಗಲ್ 1986ರಲ್ಲಷ್ಟೇ ಯುರೋಪಿನ ಆರ್ಥಿಕ ಒಕ್ಕೂಟಕ್ಕೆ ಸೇರಿತ್ತು. ಅಲ್ಲಿನ ಸಣ್ಣ ಕಂಪನಿಯ ರೆಕಾರ್ಡು ಗಡಿ ದಾಟಬೇಕಾದರೆ ಯಾರಾದರೂ ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಅಂಗಡಿಯಲ್ಲಿ ಇಡಲು ಯಾವ ಖಾನೆ? ರಾಕ್ ಅಲ್ಲ. ಆಗ ಚೆನ್ನಾಗಿ ಮಾರುತ್ತಿದ್ದ ಹೊಸ ಯುಗದ ಧ್ಯಾನದ ಸಂಗೀತ ಅಲ್ಲ. ವಿಶ್ವವಿದ್ಯಾಲಯಗಳ ಗಂಭೀರ ಎಲೆಕ್ಟ್ರಾನಿಕ್ ಸಂಗೀತವೂ ಅಲ್ಲ. ಹಿಡಿಯಲು ಹಿಡಿಕೆಯೇ ಇಲ್ಲದ ಪಾತ್ರೆ. ಹಾಡಿಲ್ಲ, ಹಾಡುಗಾರ ಇಲ್ಲ, ಬಹಳಷ್ಟು ತುಣುಕುಗಳಿಗೆ ಹೆಸರಿಲ್ಲ. "ಆ ಹಾಡು ಹಾಕಿ" ಅಂತ ರೇಡಿಯೋಗೆ ಫೋನ್ ಮಾಡಿ ಕೇಳುವುದಾದರೂ ಹೇಗೆ?

ಕತೆ ತಿರುಗಿದ್ದು 1991ರಲ್ಲಿ, ಜರ್ಮನಿಯ ಕೊಲೋನ್ ನಗರದಲ್ಲಿ. ಕ್ರಿಸ್ಟೋಫ್ ಹೀಮನ್ ಅನ್ನುವ ಸಂಗೀತಗಾರ ಕೆಲವು ಗೆಳೆಯರನ್ನು ಕೂರಿಸಿಕೊಂಡು ಈ ರೆಕಾರ್ಡು ಹಾಕಿದರು. ನಾವು ಇವತ್ತು ಇಲ್ಲಿ ಕೂತ ಹಾಗೆ, ನಮಗಿಂತ ಕಡಿಮೆ ಜನ. ಆದರೆ ಕೂತವರು ಯಾರು ನೋಡಿ. ಯಾನ್ ಸೇಂಟ್ ವೆರ್ನರ್ ಇದ್ದರು, ಎರಡು ವರ್ಷದ ಮೇಲೆ 'ಮೌಸ್ ಆನ್ ಮಾರ್ಸ್' ಅನ್ನುವ ಎಲೆಕ್ಟ್ರಾನಿಕ್ ತಂಡ ಶುರು ಮಾಡಿದವರು. ಗೇಯೋರ್ಗ್ ಓಡೈಕ್ ಇದ್ದರು, ಮುಂದೆ ಕೊಲೋನಿನ ಹೆಸರಾಂತ ರೆಕಾರ್ಡ್ ಅಂಗಡಿ 'ಎ-ಮ್ಯೂಸಿಕ್' ತೆರೆದವರು. ಫ್ರಾಂಕ್ ಡೊಮರ್ಟ್, ಸಿ-ಶುಲ್ಟ್ಸ್ ಇದ್ದರು. ಅಮೆರಿಕದ ಶಿಕಾಗೋದಿಂದ ಬಂದಿದ್ದ ಜಿಮ್ ಓರೂರ್ಕ್ ಅನ್ನುವ 22ರ ಆಸುಪಾಸಿನ ಹುಡುಗ ಇದ್ದ. ಮುಂದೆ 'ಸೋನಿಕ್ ಯೂತ್' ಅನ್ನುವ ಅಮೆರಿಕದ ರಾಕ್ ಬ್ಯಾಂಡಿಗೂ ಸೇರಿದ ಹೆಸರು ಅದು. ತೊಂಬತ್ತರ ದಶಕದಲ್ಲಿ ಕೊಲೋನಿನಿಂದ ಹೊರಟ ಆ ಚಿಟಪಟ ಎಲೆಕ್ಟ್ರಾನಿಕ್ ಸಂಗೀತದ ಅರ್ಧ ಹಾಜರಿ ಪುಸ್ತಕ ಆ ಕೋಣೆಯಲ್ಲಿತ್ತು.

ಓರೂರ್ಕ್ ಮರೆಯಲಿಲ್ಲ. 'ಮೊಯ್‌ಕಾಯ್' ಅಂತ ತನ್ನದೇ ಪುಟ್ಟ ಕಂಪನಿ ಮಾಡಿ 1998ರಲ್ಲಿ ಪ್ಲುಕ್ಸ್ ಕುಬಾವನ್ನು ಸಿಡಿಯಾಗಿ ತಂದರು. ಹತ್ತು ವರ್ಷ ಕಳೆದಿತ್ತು. ಅಷ್ಟರಲ್ಲಿ ಜಗತ್ತಿನ ಕಿವಿ ಬದಲಾಗಿತ್ತು. ಮಾರ್ಕುಸ್ ಪೊಪ್ ಅವರ 'ಓವಲ್' ತಂಡ ಸಿಡಿಯ ಮೇಲೆ ಪೆನ್ನಿನಲ್ಲಿ ಗೀಚಿ, ಅದು ತೊದಲುವುದನ್ನೇ ಸಂಗೀತ ಮಾಡಿ ಆಗಿತ್ತು. ಯಂತ್ರದ ತಪ್ಪಿಗೆ 'ಗ್ಲಿಚ್' ಅಂತ ಹೆಸರು ಬಂದು ಒಂದು ಪಂಗಡವೇ ಹುಟ್ಟಿತ್ತು. ಹೊಸಬರು ಈ ಸಿಡಿ ಕೇಳಿ ಹೌಹಾರಿದರು. ಇದು 1988ರದಾ?

ಅಲ್ಲಿಂದ ಶುರುವಾಯಿತು ನೋಡಿ ಒಂದು ಮಾತು. 'ತನ್ನ ಕಾಲಕ್ಕಿಂತ ಹತ್ತು ವರ್ಷ ಮುಂದಿದ್ದ ರೆಕಾರ್ಡು.' ಪ್ಲುಕ್ಸ್ ಕುಬಾ ಬಗ್ಗೆ ಯಾರು ಬರೆದರೂ ಇದೇ. ನನಗೆ ಈ ಮಾತಿನ ಮೇಲೆ ಜಗಳ ಇದೆ. ಇವತ್ತು ನಿಮ್ಮನ್ನು ಇಲ್ಲಿ ಕೂರಿಸಿಕೊಂಡದ್ದು ಹೆಚ್ಚಾಗಿ ಈ ಜಗಳಕ್ಕೆ.

ಒಬ್ಬರನ್ನು 'ಕಾಲಕ್ಕಿಂತ ಮುಂದೆ' ಅಂದರೆ ಹೊಗಳಿಕೆ ಅನಿಸುತ್ತದೆ. ಆದರೆ ಅದರಲ್ಲಿ ಒಂದು ಕಸಿದುಕೊಳ್ಳುವಿಕೆ ಇದೆ. ಮುಂದೆ ಬಂದವರೇ ಊರು, ಇವರು ಊರಿಗೆ ಹೋಗುವ ದಾರಿಯಲ್ಲಿ ಸಿಕ್ಕ ಮೈಲಿಗಲ್ಲು ಅಂದ ಹಾಗೆ. ಕನವಾರೊ ಎಲ್ಲಿಗೂ ಹೊರಟಿರಲಿಲ್ಲ. ಈ ರೆಕಾರ್ಡು 1988ರದೇ. ಆ ವರ್ಷದ ಮೆಮೊರಿ ಚಿಪ್ಪು, ಆ ವರ್ಷದ ಲಿಸ್ಬನ್ನು, ಆ ವರ್ಷದ ಪ್ಲೇಗು ಜುವಾಂವನ ಕಂಪನಿ ಇಲ್ಲದೆ ಇದು ಆಗುತ್ತಲೇ ಇರಲಿಲ್ಲ. ಹತ್ತು ವರ್ಷದ ನಂತರದ ಹುಡುಗರ ಹತ್ತಿರ ಲ್ಯಾಪ್‌ಟಾಪ್ ಇತ್ತು, ಬೇಕಾದಷ್ಟು ಮೆಮೊರಿ ಇತ್ತು. ಕೊರಕೊರ ಬೇಕಾದರೆ ಅವರು ಬೇಕಂತಲೇ ತರಿಸಬೇಕಿತ್ತು. ಕನವಾರೊಗೆ ಅದು ತಾನಾಗಿ ಬಂತು, ಬಂದದ್ದನ್ನು ಓಡಿಸಲಿಲ್ಲ. ಎರಡರ ರುಚಿಯೂ ಬೇರೆ. ಓವಲ್ ಕೇಳಿದರೆ ಯಂತ್ರದ ಬಗ್ಗೆ ಯೋಚಿಸುತ್ತೇನೆ. ಪ್ಲುಕ್ಸ್ ಕುಬಾ ಕೇಳಿದರೆ ಯಂತ್ರ ಮರೆತೇ ಹೋಗುತ್ತದೆ, ನಿದ್ದೆಗಣ್ಣಿನಲ್ಲಿ ಕೇಳಿದ ಮನೆಯ ಸದ್ದುಗಳು ನೆನಪಾಗುತ್ತವೆ. ಇದು ಅದರ ಮೊದಲ ಆವೃತ್ತಿ ಅಲ್ಲ, ಬೇರೆಯದೇ.

ಇನ್ನೊಂದು ಪುರಾವೆ ಇದೆ. ಕನವಾರೊ ಈ ದಾರಿ ಹಿಡಿದು ಮುಂದೆ ಹೋಗಲೇ ಇಲ್ಲ. 1991ರಲ್ಲಿ ಕಾರ್ಲೊಸ್ ಮರಿಯಾ ತ್ರಿಂದಾದ್ ಜೊತೆ 'ಮಿಸ್ಟರ್ ವೊಲ್ಲೊಗಾಲ್ಲು' ಅನ್ನುವ ರೆಕಾರ್ಡು ಮಾಡಿದರು. ಹೆಸರು ನೋಡಿ ನಗಬೇಡಿ. ತ್ರಿಂದಾದ್ ಆ ಕಾಲದ ದೊಡ್ಡ ಪಾಪ್ ಬ್ಯಾಂಡ್ 'ಎರೊಯ್ಸ್ ದೊ ಮಾರ್'ನ ಕೀಬೋರ್ಡ್ ವಾದಕ, ಮುಂದೆ 'ಮಾದ್ರೆದೆಉಸ್' ತಂಡಕ್ಕೂ ಸೇರಿದರು. ಆ ರೆಕಾರ್ಡು ಬೆಚ್ಚಗಿದೆ, ನುಣುಪಾಗಿದೆ, ದೂರದ ಊರುಗಳ ಗಾಳಿ ಬೀಸುತ್ತದೆ. ಚೆನ್ನಾಗಿದೆ. ಅದನ್ನೂ ಬಾರ್ಸಿಲೋನಾದ ಸಣ್ಣ ಕಂಪನಿಯೊಂದು ಎಷ್ಟೋ ವರ್ಷದ ಮೇಲೆ ಮತ್ತೆ ತಂದಿತು. ಆದರೆ ಪ್ಲುಕ್ಸ್ ಕುಬಾದ ಮುಂದಿನ ಭಾಗ ಅದಲ್ಲ. ಆಮೇಲೆ ಕನವಾರೊ ಸಿನಿಮಾ ಸಂಗೀತದ ಕಡೆ ಹೋದರು. ಒಂದು ದೊಡ್ಡ ಕ್ರಾಂತಿಯ ಮುಂದಾಳು ಹೀಗೆ ನಡೆದುಕೊಳ್ಳುತ್ತಾರಾ? ಆಟ ಮುಗಿಯಿತು, ಎದ್ದು ಹೋದರು, ಅಷ್ಟೇ.

2015ರಲ್ಲಿ ಶಿಕಾಗೋದ 'ಡ್ರ್ಯಾಗ್ ಸಿಟಿ' ಕಂಪನಿ ಇದನ್ನು ಮತ್ತೆ ಎಲ್‌ಪಿಯಾಗಿ ತಂದಿತು. ನಾನು ತಂದಿರುವುದು ಸಿಡಿ, ಯಾಕೆಂದರೆ ಎಲ್‌ಪಿಯ ಬೆಲೆ, ಅದರ ಮೇಲೆ ಕಸ್ಟಮ್ಸ್, ಮನೆಯಲ್ಲಿ ಅದಕ್ಕೆ ಕೊಡಬೇಕಾದ ಸಮಜಾಯಿಷಿ, ಮೂರೂ ನನ್ನ ಕೈಗೆ ಮೀರಿದ್ದು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. "ಇದನ್ನು ಸಂಗೀತ ಅಂತ ಹೇಗೆ ಅನ್ನುತ್ತೀರಿ?" ಅಂತ ಒಬ್ಬರು ಕೇಳಿದರು. ಸಂಗೀತ ಅನ್ನಲೇಬೇಕು ಅಂತ ನನ್ನ ಹಟ ಇಲ್ಲ ಅಂದೆ. ಮಳೆ ನಿಂತ ಮೇಲೆ ಹೆಂಚಿನ ಸೂರಿನಿಂದ ಹನಿ ಬೀಳುವುದನ್ನು ಅರ್ಧ ಗಂಟೆ ಕೇಳುತ್ತಾ ಕೂರುತ್ತೀರಲ್ಲ, ಆಗ ಈ ಪ್ರಶ್ನೆ ಹಾಕುತ್ತೀರಾ ಅಂತ ಕೇಳಿದೆ. ಅವರಿಗೆ ಸಮಾಧಾನ ಆಗಲಿಲ್ಲ. "ಮಳೆಗೆ ನಾನು ದುಡ್ಡು ಕೊಟ್ಟಿಲ್ಲವಲ್ಲ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾಲೇಜು ಹುಡುಗಿಯೊಬ್ಬಳು, ಫೋನಿನಲ್ಲೇ ಇಂಥದ್ದನ್ನು ಮಾಡುವ ಆ್ಯಪ್‌ಗಳಿವೆಯಲ್ಲ ಸಾರ್, ಹಳೆ ಸ್ಯಾಂಪ್ಲರಿನ ಕೊರಕೊರವೂ ಒಂದು ಬಟನ್ ಒತ್ತಿದರೆ ಬರುತ್ತದೆ ಅಂದಳು. ಹೌದಮ್ಮ, ಬರುತ್ತದೆ. ನಾನೂ ಒತ್ತಿ ನೋಡಿದ್ದೇನೆ. ಆ ಬಟನ್ ಒತ್ತಿದರೆ ಕೊರಕೊರ ಎಲ್ಲ ಕಡೆ ಒಂದೇ ಸಮ ಬೀಳುತ್ತದೆ, ಉಪ್ಪು ಚೆಲ್ಲಿದ ಹಾಗೆ. ಇಲ್ಲಿ ಯಾವುದನ್ನು ಒರಟಾಗಿ ಬಿಡಬೇಕು, ಯಾವುದನ್ನು ತಿಕ್ಕಿ ನುಣುಪು ಮಾಡಬೇಕು ಅನ್ನುವ ಆಯ್ಕೆ ಒಂದೊಂದು ದನಿಗೂ ಬೇರೆ ಬೇರೆ. ಕಿವಿಗೊಟ್ಟು ಮಾಡಿದ್ದು ಅದು.

ಕೊನೆಗೆ ಬಾಯಿ ಬಿಟ್ಟವರು ನಿವೃತ್ತ ಜೀವಶಾಸ್ತ್ರ ಮೇಷ್ಟ್ರು. ಇಡೀ ಸಂಜೆ ಕಣ್ಣು ಮುಚ್ಚಿಕೊಂಡಿದ್ದರು, ಮಲಗಿದ್ದಾರೆ ಅಂದುಕೊಂಡಿದ್ದೆವು.

"ಎಪ್ಪತ್ತು ಹಾವು ಅಂದೆಯಲ್ಲಪ್ಪ. ಹಾವಿಗೆ ಹೊರಗಿವಿ ಇಲ್ಲ, ಗೊತ್ತಾ?"

ಗೊತ್ತಿದೆ ಮೇಷ್ಟ್ರೇ, ಅದಕ್ಕೇ ಹಳಬರು ಹಾವನ್ನು ಚಕ್ಷುಶ್ರವ ಅಂತ ಕರೆದರು, ಕಣ್ಣಲ್ಲಿ ಕೇಳುವುದು ಅಂತ ಅಂದೆ.

"ಕಣ್ಣಲ್ಲೂ ಅಲ್ಲ. ದವಡೆಯಲ್ಲಿ. ಕೆಳದವಡೆಯನ್ನು ನೆಲಕ್ಕೆ ಇಟ್ಟಿರುತ್ತದೆ. ನೆಲ ಅದುರಿದರೆ ಆ ಅದುರು ದವಡೆಯ ಮೂಳೆಯಿಂದ ಒಳಗಿವಿಗೆ ಹೋಗುತ್ತದೆ. ಗಾಳಿಯ ಸದ್ದೂ ಸ್ವಲ್ಪ ಗೊತ್ತಾಗುತ್ತದೆ, ಅದೂ ಕೆಳದನಿ ಮಾತ್ರ. ನೀನು ಸ್ಪೀಕರನ್ನು ಅಷ್ಟು ಎತ್ತರದ ಮೇಜಿನ ಮೇಲೆ ಇಟ್ಟಿದ್ದೀಯ."

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಹೊತ್ತಾಗಿತ್ತು, ಕೆಲವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು. ವಯರು ಅಲುಗಾಡಿಸಿದ್ದ ಸಾರ್ ಬಂದು ಒಂದು ಕಡೆ ಹಿಡಿದರು, ನಾನು ಇನ್ನೊಂದು ಕಡೆ. ಸ್ಪೀಕರನ್ನು ಇಳಿಸಿ ರೆಡ್ ಆಕ್ಸೈಡ್ ನೆಲದ ಮೇಲೆ ಮಲಗಿಸಿದೆವು. 'ಬ್ರೂಮಾ' ಹಾಕಿ ದನಿ ಅರ್ಧಕ್ಕೆ ಇಳಿಸಿದೆ. ಮೇಷ್ಟ್ರು ಕುರ್ಚಿ ಬಿಟ್ಟು ಕೆಳಗೆ ಕೂತು ಅಂಗೈಯನ್ನು ನೆಲಕ್ಕೆ ಊರಿದರು.